ಕೆಂಪಮ್ಮನ ಬಾರೆಗೆ ಬಂದಿಳಿದವರು

ನನ್ನ ಅಂಗಾಂಗಗಳ ಪೈಕಿ ಇನ್ನೂ ಸೇವೆಯಿಂದ ನಿವೃತ್ತಿಯಾಗದೆ ಉಳಿದಿರುವುದು ಮೂಗೊಂದೇ. ಮಂಡಿಗಳು ಅವಧಿಗೆ ಮುಂಚೆಯೇ ರಾಜೀನಾಮೆ ಕೊಟ್ಟವು. ಕಣ್ಣುಗಳು ಕನ್ನಡಕದ ಆಶ್ರಯದಲ್ಲಿ ಹೇಗೋ ದಿನ ದೂಡುತ್ತಿವೆ. ಹೋದ ತಿಂಗಳು ಮನೆಯವಳ ಹರಕೆಯ ನಿಮಿತ್ತ ಕರಿಘಟ್ಟದ ಮೆಟ್ಟಿಲು ಹತ್ತುತ್ತಾ ಅರ್ಧ ದಾರಿಯಲ್ಲಿ ಕೂತುಬಿಟ್ಟೆ. ಪಕ್ಕದಲ್ಲಿ ಯಾರೋ ಬೆಟ್ಟದ ಇಳಿಜಾರಿನ ಒಣಹುಲ್ಲು ಕೊಯ್ದು ಹೊರೆ ಕಟ್ಟಿ ಇಟ್ಟಿದ್ದರು. ಮಾಗಿಯ ಬಿಸಿಲಿಗೆ ಚೆನ್ನಾಗಿ ಕಾದ ಉದ್ದ ಹುಲ್ಲು. ಅದರ ವಾಸನೆಯಲ್ಲಿ ಸ್ವಲ್ಪ ಧೂಳು, ಸ್ವಲ್ಪ ಸಿಹಿ, ಬಹುಕಾಲ ಮುಚ್ಚಿಟ್ಟ ಟ್ರಂಕು ತೆಗೆದಾಗಿನ ಘಮಲು ಇನ್ನಷ್ಟು.

"ಮಂಡಿ ನೋವಾ?" ಎಂದಳು ಮನೆಯವಳು.

"ಇಲ್ಲ. ಹೊಣಕೆರೆ" ಎಂದೆ.

ನಲವತ್ತು ವರ್ಷ ನನ್ನ ಜೊತೆ ಬಾಳಿದವಳಾದ್ದರಿಂದ ಹೆಚ್ಚಿನ ವಿವರಣೆ ಕೇಳದೆ ಒಬ್ಬಳೇ ಮೇಲೆ ಹೋದಳು. ನಾನು ಹುಲ್ಲಿನ ಹೊರೆಯ ಪಕ್ಕದಲ್ಲೇ ಉಳಿದೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾಗಮಂಗಲ ತಾಲೂಕಿನ ಹೊಣಕೆರೆ ಕಡೆಗೆ ನನ್ನನ್ನು ದನದ ಆಸ್ಪತ್ರೆಯ ಸಹಾಯಕನಾಗಿ ಹಾಕಿದ್ದರು. 'ಸಹಾಯಕ' ಎಂಬುದು ಕಡತದಲ್ಲಿ ಮಾತ್ರ. ಜನರ ಪಾಲಿಗೆ ನಾನು ಡಾಕ್ಟ್ರು. ಆ ತಪ್ಪನ್ನು ತಿದ್ದುವ ಅವಸರ ನನಗೂ ಇರಲಿಲ್ಲ. ಶ್ರೀರಂಗಪಟ್ಟಣದ ಗದ್ದೆ ಬಯಲಿನಲ್ಲಿ ಕಾಲುವೆ ನೀರು ಕುಡಿದು ಬೆಳೆದ ನನಗೆ ಆ ಸೀಮೆ ಮೊದಮೊದಲು ದೇವರು ಅರ್ಧಕ್ಕೆ ಕೈಬಿಟ್ಟ ಕಾಮಗಾರಿಯಂತೆ ಕಂಡಿತು. ಕಲ್ಲು, ಕಳ್ಳಿ, ಒಂದಿಷ್ಟು ರಾಗಿ ಹೊಲ, ಮತ್ತೆ ಕಲ್ಲು. ಆ ಕಲ್ಲುಗಳ ನಡುವೆ ಹಸುಗಳು ಹೇಗೆ ಹಾಲು ಕೊಡುತ್ತಿದ್ದವು ಎಂಬುದು ಪಶುವೈದ್ಯ ಶಾಸ್ತ್ರಕ್ಕೆ ಬಿಟ್ಟ ಪ್ರಶ್ನೆ.

ಕೆಂಪಮ್ಮನ ಮನೆಗೆ ನಾನು ಮೊದಲು ಹೋದದ್ದು ಕೆಚ್ಚಲು ಬಾವು ಬಂದಿದ್ದ ಒಂದು ಹಸುವಿನ ಸಲುವಾಗಿ. ಹೊಣಕೆರೆಯಿಂದ ಎರಡು ಮೈಲಿ ದೂರದ ಒಂದು ಸಣ್ಣ ಕೊಪ್ಪಲು. ಕೆಂಪಮ್ಮನಿಗೆ ಆಗ ಅರವತ್ತರ ಆಸುಪಾಸು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಐದು ಹಸು, ಒಬ್ಬ ಮಗ ಶಿವಣ್ಣ, ಅವನ ಹೆಂಡತಿ, ತಗ್ಗಿನಲ್ಲಿ ಎರಡು ಎಕರೆ ರಾಗಿ ಹೊಲ, ಮೇಲೆ ಹನ್ನೊಂದು ಎಕರೆ ಬಾರೆ. ಬಾರೆ ಎಂದರೆ ಎತ್ತರದಲ್ಲಿರುವ ಕಲ್ಲು ನೆಲ. ನೇಗಿಲು ಮುರಿಯುತ್ತದೆಯೇ ಹೊರತು ಬೆಳೆ ಬರುವುದಿಲ್ಲ. ಅಲ್ಲಿ ಸೊಂಟದುದ್ದ ಹುಲ್ಲು ತಾನಾಗಿ ಬೆಳೆಯುತ್ತಿತ್ತು. ಪ್ರತಿ ಕಾರ್ತಿಕದಲ್ಲಿ ಅದನ್ನು ಬುಡಮಟ್ಟ ಕೊಯ್ದು ಅರ್ಧ ತಮ್ಮ ಬಣವೆಗೆ ಒಟ್ಟಿ, ಉಳಿದರ್ಧವನ್ನು ಗಾಡಿಗಟ್ಟಲೆ ಮಾರುತ್ತಿದ್ದರು. ಮನೆಗೆ ಹಾಲಿನಷ್ಟೇ ಆ ಹುಲ್ಲೂ ಆಧಾರ. ಪಹಣಿಯಲ್ಲಿ ಮಗನ ಹೆಸರಿತ್ತು. ಮನೆಯಲ್ಲಿ ಮಾತ್ರ ತಾಯಿಯ ಮಾತೇ ಪಹಣಿ.

ಆ ವರ್ಷ ಮಳೆ ತಡವಾಗಿ ಶುರುವಾಗಿ ತಡವಾಗಿ ಮುಗಿಯಿತು. ಹುಲ್ಲು ತೆನೆ ಬಿಡುವುದೂ ತಡವಾಯಿತು. ಕೊಯ್ಲು ಎರಡು ವಾರ ಮುಂದಕ್ಕೆ ಹೋಯಿತು. ಇಡೀ ಕತೆ ನಡೆದದ್ದು ಆ ಎರಡು ವಾರದ ದೆಸೆಯಿಂದ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಹಸುವಿಗೆ ಎರಡನೆಯ ಸುತ್ತಿನ ಸೂಜಿ ಹಾಕಿ ಹೊರಡುವವನನ್ನು ಕೆಂಪಮ್ಮ ತಡೆದಳು.

"ಡಾಕ್ಟ್ರೆ, ನೀವು ಓದ್ಕಂಡೋರು. ಬಾರೆ ತಾಕೆ ಒಂದು ಗಳಿಗೆ ಬನ್ನಿ. ಒಂದು ಇಚಿತ್ರ ತೋರುಸ್ತೀನಿ."

ಓದಿಕೊಂಡವನು ಎಂದರೆ ನಾನು ಎಲ್ಲಿಗೆ ಬೇಕಾದರೂ ಹೋಗುತ್ತಿದ್ದ ಕಾಲ ಅದು. ಹೋದೆ. ಸೂರ್ಯ ಮುಳುಗಿ ಬೆಳಕು ಮಾತ್ರ ಉಳಿದಿತ್ತು. ಬದುವಿನ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಪಡುವಣದಿಂದ ಒಂದು ಬೂದು ಬಣ್ಣದ ಗಿಡುಗ ಹುಲ್ಲಿನ ತಲೆ ಸವರಿಕೊಂಡು ಬಂತು. ರೆಕ್ಕೆ ಬಡಿಯುವುದೇ ಅಪಮಾನ ಎಂಬಂತೆ, ಎರಡೂ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದು ತೇಲುತ್ತಿತ್ತು. ಅದರ ಹಿಂದೆ ಕಂದು ಬಣ್ಣದ್ದೊಂದು. ಆಮೇಲೆ ಎರಡು, ಮೂರು. ಸದ್ದಿಲ್ಲದೆ ಬಾರೆಯ ಸುತ್ತ ತಿರುಗಿ, ಹುಲ್ಲಿನೊಳಕ್ಕೆ ಒಂದೊಂದಾಗಿ ಇಳಿದು ಮಾಯವಾದವು. ಮರದ ಮೇಲೆ ಕೂರಬೇಕಾದ ಗಿಡುಗಗಳು ಹೀಗೆ ನೆಲದ ಮೇಲೆ, ಛತ್ರದಲ್ಲಿ ಜಾಗ ಹಿಡಿದ ಯಾತ್ರಿಕರಂತೆ ಮಲಗುವುದನ್ನು ನಾನು ಎಂದೂ ಕಂಡಿರಲಿಲ್ಲ. ಹನ್ನೊಂದು ಎಣಿಸಿದೆ. ಕೆಂಪಮ್ಮ ಹದಿಮೂರು ಎಂದಳು. ಅವಳ ಕಣ್ಣಿಗೆ ಆಗಿನ್ನೂ ಆಶ್ರಯ ಬೇಕಿರಲಿಲ್ಲ.

"ಯಾತರವು ಇವು?"

"ಗಿಡುಗ" ಎಂದೆ ಗಂಭೀರವಾಗಿ.

"ಅದು ನಂಗೂ ಗೊತ್ತು ಕಣಪ್ಪ" ಎಂದಳು. ನನ್ನ ಓದು ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಶಿವಣ್ಣ ಕುಡುಗೋಲು ಮಸೆಸಿಕೊಂಡು ಆಳುಗಳಿಗೆ ಹೇಳಿ ಬಂದ. ಕೆಂಪಮ್ಮ ಮಧ್ಯದ ಹುಲ್ಲು ಮುಟ್ಟಕೂಡದು ಎಂದಳು. ನಾನು ಹಸು ನೋಡುವ ನೆಪದಲ್ಲಿ ಕೊಟ್ಟಿಗೆಯಲ್ಲಿದ್ದೆ.

"ಯಾಕವ್ವ? ಅಲ್ಲೇನು ನಿಧಿ ಊತಿಟ್ಟಿದ್ದೀಯಾ?" ಎಂದ ಶಿವಣ್ಣ.

"ಗಿಡ್ಗ ಮಲಗ್ತವೆ ಕಣ್ಲಾ."

"ಮಲಗ್ಲಿ. ಉಲ್ಲು ಕುಯ್ದ್ ಮೇಲೂ ಮಲಗ್ಲಿ. ನಾನೇನ್ ಬೇಡ ಅಂದ್ನಾ?"

"ಕುಯ್ದ್ ಮೇಲೆ ಎಲ್ಲಿ ಮಲಗ್ತವ್ಲಾ, ನಿನ್ ತಲೆ ಮೇಲಾ? ದೀಪ ಅಚ್ಚೋ ಒತ್ನಲ್ಲಿ ಬಾಗ್ಲಿಗ್ ಬಂದೋರ್ನ ಎದ್ದೋಗಿ ಅನ್ನಾಕಾಯ್ತದಾ?"

ಇಲ್ಲಿ ಹೊರಗಿನವರಿಗಾಗಿ ಒಂದು ಮಾತು. ಆ ಸೀಮೆಯಲ್ಲಿ ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಿಂದ ಉಪ್ಪು ಹೊರಗೆ ಹೋಗುವುದಿಲ್ಲ, ಕಸ ಹೊರಗೆ ಹೋಗುವುದಿಲ್ಲ. ಬಂದ ಮನುಷ್ಯನಂತೂ ಹೋಗುವುದೇ ಇಲ್ಲ. ಬಂದವನು ಕಳ್ಳನೇ ಆದರೂ ಮುದ್ದೆ ಉಂಡು ಮಲಗಿ, ಬೆಳಿಗ್ಗೆ ಎದ್ದಮೇಲೆ ಕಳ್ಳನಾಗಬೇಕು. ಕೆಂಪಮ್ಮ ಮಾಡಿದ್ದು ಇಷ್ಟೆ: ಈ ಕಾನೂನನ್ನು ರೆಕ್ಕೆಯಿರುವವರಿಗೂ ವಿಸ್ತರಿಸಿದಳು. ಅವು ಬರುತ್ತಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ ಎಂಬುದನ್ನು ಅಲ್ಲಗಳೆಯಲು ಶಿವಣ್ಣನ ಹತ್ತಿರ ಸಾಕ್ಷಿ ಇರಲಿಲ್ಲ.

ಆದರೆ ಅವನ ಹತ್ತಿರ ನೀಲಗಿರಿ ಇತ್ತು. ಆ ಕಾಲಕ್ಕೆ ಸುತ್ತಲಿನ ಬಾರೆಗಳೆಲ್ಲ ಒಂದೊಂದಾಗಿ ನೀಲಗಿರಿ ತೋಪಾಗುತ್ತಿದ್ದವು. ನೆಟ್ಟು ಮರೆತರೆ ಸಾಕು, ಕೆಲವು ವರ್ಷಕ್ಕೆ ಲಾರಿ ತಾನಾಗಿ ಬಂದು ನಿಲ್ಲುತ್ತದೆ ಎಂಬ ನಂಬಿಕೆ. ಅವನು ಆಗಲೇ ಒಂದು ಕಡೆ ಸಸಿಗೆ ಹೇಳಿಟ್ಟಿದ್ದ.

"ನೋಡವ್ವ, ಒಂದ್ ವರ್ಸ ಬುಡ್ತೀನಿ" ಎಂದ. "ಅರ್ಧ ಉಲ್ಲಲ್ಲೇ ಐದು ಅಸ ಸಾಕು. ಮಾರೋ ಗಾಡಿ ಉಲ್ಲಿಂದೂ ನೀನೇ ಏನಾದ್ರೂ ದಾರಿ ಮಾಡು. ಆಗ್ನಿಲ್ಲ ಅಂದ್ರೆ ಮುಂದಿನ ಮುಂಗಾರ್ಗೆ ಟ್ರಾಕ್ಟ್ರು ಬುಟ್ಟು ಪೂರಾ ಉಳ್ಸಿ ನೀಲಗಿರಿ ನೆಡ್ತೀನಿ. ಆಗ ಡಾಕ್ಟ್ರುನ್ನ ಮುಂದಿಟ್ಕಂಡ್ ಬರಬ್ಯಾಡ."

ನಾನು ಹಸುವಿನ ಕೆಚ್ಚಲನ್ನು ಇನ್ನಷ್ಟು ಶ್ರದ್ಧೆಯಿಂದ ಪರೀಕ್ಷಿಸಿದೆ.

"ಆಗ್ಲಿ" ಎಂದಳು ಕೆಂಪಮ್ಮ.

ಹಾಗೆ ಹೊರಗಿನ ಸುತ್ತು, ಸುಮಾರು ಅರ್ಧ ಬಾರೆ, ಕೊಯ್ಲಾಯಿತು. ಮಧ್ಯದ ಹುಲ್ಲು ನಿಂತಿತು. ದೂರದಿಂದ ನೋಡಿದರೆ ಯಾರೋ ಕ್ಷೌರಿಕ ಕೆಲಸದ ನಡುವೆ ಊಟಕ್ಕೆ ಎದ್ದುಹೋದಂತೆ ಕಾಣುತ್ತಿತ್ತು. ಊರು ನಕ್ಕಿತು. ಆಮೇಲೆ ಸಿಟ್ಟಾಯಿತು. ಸಿಟ್ಟಿನ ಮುಂದಾಳು ಪಕ್ಕದ ಮನೆಯ ಚಿಕ್ಕತಾಯಮ್ಮ. ಅವಳಿಗೆ ಆರು ಹೇಂಟೆ, ಲೆಕ್ಕವಿಲ್ಲದಷ್ಟು ಮರಿ. ಆ ಲೆಕ್ಕವಿಲ್ಲದ ಮರಿಗಳಲ್ಲಿ ದಿನಕ್ಕೊಂದು ಕಾಣೆಯಾಗುತ್ತಿರುವುದು ಮಾತ್ರ ಅವಳಿಗೆ ಖಚಿತವಾಗಿ ತಿಳಿಯುತ್ತಿತ್ತು.

"ಅಕ್ಕ, ಊರೋರೆಲ್ಲ ಗಿಡ್ಗ ಓಡ್ಸಾಕೆ ಕಲ್ಲು ಎತ್ಕೊತಾರೆ. ನೀನು ಆಸಿಗೆ ಆಸ್ಕೊಟ್ಟಿದ್ದೀಯಲ್ಲ, ಇದು ನ್ಯಾಯವಾ?"

"ನಿನ್ ಮರಿ ತಿಂದಿದ್ದು ಇವೇಯಾ ಅಂತ ನೋಡ್ದಾ?"

"ಗಿಡ್ಗ ಕೋಳಿಮರಿ ತಿನ್ನದೆ ಮುದ್ದೆ ತಿಂದದಾ?"

ಸಮಸ್ಯೆ ಶಾಸ್ತ್ರೀಯವಾಗಿತ್ತು. ನಾನು ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ, ಹಕ್ಕಿ ನೋಡುವ ಚಟವಿದ್ದ ಪರಿಚಯದ ಮೇಷ್ಟ್ರಿಗೆ ಒಂದು ಕಾರ್ಡು ಬರೆದೆ. ಮುಂದಿನ ಭಾನುವಾರ ಅವರು ಕೊರಳಿಗೆ ದುರ್ಬೀನು ತಗುಲಿಸಿಕೊಂಡು ಬಸ್ಸಿಳಿದರು. ಸಂಜೆ ಬದುವಿನ ಮೇಲೆ ಕೂತು, ಕತ್ತಲಾಗುವವರೆಗೂ ದುರ್ಬೀನು ಕೆಳಗಿಳಿಸದೆ ನೋಡಿದರು. ಆಮೇಲೆ, ಇವು ಸೆಳೆವ ಎಂಬ ಜಾತಿಯ ಗಿಡುಗಗಳೆಂದೂ, ಹಿಮಾಲಯದಾಚೆಯ ಹುಲ್ಲುಗಾಡುಗಳಿಂದ ಚಳಿಗೆ ಹೆದರಿ ಬರುತ್ತವೆಂದೂ, ಮರ ಹತ್ತದೆ ಹುಲ್ಲಲ್ಲೇ ಮಲಗುತ್ತವೆಂದೂ, ಈ ವರ್ಷ ಕೊಯ್ಲು ತಡವಾಗಿ ಹುಲ್ಲು ನಿಂತಿದ್ದರಿಂದಲೇ ಇಲ್ಲಿ ಇಳಿದವೆಂದೂ ಹೇಳಿದರು.

"ಇಮಾಲ್ಯದಾಚೆಯಿಂದಾ? ನಡ್ಕಂಡಾ?" ಎಂದಳು ಚಿಕ್ಕತಾಯಮ್ಮ.

"ಹಾರಿಕೊಂಡು, ತಾಯಿ."

"ಅಷ್ಟ್ ದೂರದಿಂದ ನನ್ ಕೋಳಿಮರಿಗೋಸ್ಕರ ಬರಬೇಕಿತ್ತಾ?"

ಮೇಷ್ಟ್ರು ಜಗ್ಗಲಿಲ್ಲ. ಬೆಳಿಗ್ಗೆ ಗಿಡುಗಗಳು ಎದ್ದುಹೋದ ಮೇಲೆ ಹುಲ್ಲಿನೊಳಕ್ಕೆ ಬಗ್ಗಿ ಹೋಗಿ, ಅವು ಕಕ್ಕಿ ಹೋಗಿದ್ದ ಉಂಡೆಗಳನ್ನು ಪ್ರಸಾದದಂತೆ ಕಾಗದದಲ್ಲಿ ಕಟ್ಟಿಕೊಂಡು ಬಂದರು. ಕೆಂಪಮ್ಮನ ಜಗಲಿಯ ಮೇಲೆ ನ್ಯಾಯಾಲಯ ಸೇರಿತು. ಮೇಷ್ಟ್ರು ಕಡ್ಡಿಯಿಂದ ಒಂದೊಂದೇ ಉಂಡೆ ಬಿಡಿಸಿದರು. ಮಿಡತೆಯ ಕಾಲು. ಮಿಡತೆಯ ತಲೆ. ಇಲಿಯ ಕೂದಲು, ಇಲಿಯ ದವಡೆ. ಮತ್ತೆ ಮಿಡತೆ. ಕೋಳಿಮರಿಯ ಒಂದು ಪುಕ್ಕವೂ ಇಲ್ಲ. ಚಿಕ್ಕತಾಯಮ್ಮ ಖುದ್ದಾಗಿ ಎರಡು ಉಂಡೆ ಬಿಡಿಸಿ ನೋಡಿದಳು. ಸಾಕ್ಷ್ಯಾಧಾರದ ಕೊರತೆಯಿಂದ ಆರೋಪಿಗಳು ಬಿಡುಗಡೆಯಾದರು. ವಾರದೊಳಗೆ ಅವಳ ಮನೆಯ ಬೆಕ್ಕೇ ಬಾಯಲ್ಲಿ ಮರಿಯೊಂದನ್ನು ಕಚ್ಚಿಕೊಂಡು ಅಟ್ಟ ಹತ್ತುವಾಗ ಸಿಕ್ಕಿಬಿತ್ತು. ಆ ವಿಷಯವನ್ನು ಅವಳಾಗಿ ಯಾರಿಗೂ ಹೇಳಲಿಲ್ಲ. ಸಂಜೆ ಬದುವಿನ ಮೇಲೆ ಬಂದು ನಮ್ಮ ಪಕ್ಕ ಕೂರಲು ಶುರುಮಾಡಿದಳು, ಅಷ್ಟೆ.

ಆ ದಿನಗಳ ಸಂಜೆಗಳೇ ಸಂಜೆ. ಚಳಿ ಮೆಲ್ಲಗೆ ನೆಲದಿಂದ ಏಳುತ್ತಿತ್ತು. ಹುಲ್ಲು ಹಸಿರು ಕಳೆದುಕೊಂಡು ಕೆಂಪಾಗಿ, ಆಮೇಲೆ ಬಂಗಾರವಾಗಿ, ಕೊನೆಗೆ ಹಳೇ ಪಂಚೆಯ ಬಣ್ಣಕ್ಕೆ ಬಂತು. ಕೊಯ್ಯದೆ ಬಿಟ್ಟ ನೆಲಕ್ಕೆ ಬೇರೆ ಒಕ್ಕಲುಗಳೂ ಬಂದಿಳಿದವು. ಗೌಜಲಕ್ಕಿಯ ಸಂಸಾರವೊಂದು ಬದುವಿನಿಂದ ಬದುವಿಗೆ ಓಡುತ್ತಿತ್ತು. ಮೊಲಗಳು ನಮ್ಮನ್ನು ಲೆಕ್ಕಕ್ಕಿಡದೆ ಕಿವಿ ಕೆರೆದುಕೊಳ್ಳುತ್ತಿದ್ದವು. ಗಿಡುಗಗಳ ಸಂಖ್ಯೆ ಇಪ್ಪತ್ತು ದಾಟಿತು. ಮೇಷ್ಟ್ರ ಬಾಯಿಂದ ಸುದ್ದಿ ಹರಡಿ, ಮೈಸೂರಿನಿಂದ, ಪಾಂಡವಪುರದಿಂದ ಭಾನುವಾರಗಳಲ್ಲಿ ಜನ ಬರತೊಡಗಿದರು. ಬಂದವರೆಲ್ಲ ಒಂದೇ ರೀತಿ ಬಾಯಿ ತೆರೆದು, "ಅಬ್ಬಾ, ಏನು ಹುಲ್ಲು, ಏನು ಹಕ್ಕಿ, ಪುಣ್ಯವಂತೆ ಕಣಮ್ಮ ನೀನು" ಎನ್ನುವರು.

ಇದೇ ಎಡವಟ್ಟಿಗೆ ಕಾರಣವಾಯಿತು. ಅಷ್ಟು ಜನ ಅಷ್ಟು ಹೊತ್ತು ಬಾಯಿ ತೆರೆದು ನೋಡಿದರೆ ಯಾವುದಕ್ಕೆ ತಾನೇ ದೃಷ್ಟಿ ತಾಗುವುದಿಲ್ಲ? ಫಲ ಕಚ್ಚಿದ ಬದನೆ ಪಾತಿಗೇ ತಾಗುತ್ತದೆ. ಕೆಂಪಮ್ಮ ಎರಡು ದಿನ ಯೋಚಿಸಿ, ಒಂದು ಬೆಳಿಗ್ಗೆ ಬಾರೆಯ ನಟ್ಟನಡುವೆ ದೃಷ್ಟಿಬೊಂಬೆ ನಿಲ್ಲಿಸಿದಳು. ಆಳೆತ್ತರದ ಗೂಟ, ಅಡ್ಡಕ್ಕೊಂದು ಕೋಲು, ಹುಲ್ಲು ತುರುಕಿದ ಹೊಟ್ಟೆ. ತಲೆಗೆ ಸುಣ್ಣ ಬಳಿದ ಮಡಕೆ. ಅದಕ್ಕೆ ಮಸಿಯಲ್ಲಿ ಕಣ್ಣು, ಹಲ್ಲು, ಭಯಂಕರ ಮೀಸೆ. ಬೊಂಬೆಗೆ ತೊಡಿಸಲು ಬಟ್ಟೆ ಬೇಕಿತ್ತು. ನನ್ನ ಹಳೆಯ ಖಾಕಿ ಕೋಟನ್ನು ನಾನೇ ಕೊಟ್ಟೆ. ಇದನ್ನು ಈಗ ಬರೆಯುವಾಗಲೂ ಕೈ ಸ್ವಲ್ಪ ತಡೆಯುತ್ತದೆ.

ಅಂದು ಸಂಜೆ ಗಿಡುಗಗಳು ಬಂದವು, ಸುತ್ತು ಹಾಕಿದವು, ಹಾಕುತ್ತಲೇ ಇದ್ದವು, ಕೊನೆಗೆ ಬೆಟ್ಟದ ಕಡೆಗೆ ಹೊರಟುಹೋದವು. ಮರುದಿನವೂ ಹಾಗೆಯೇ. ಮೂರನೆಯ ದಿನ ಬಂದದ್ದೇ ನಾಲ್ಕು.

ನಾನು ಪಾಂಡಿತ್ಯವನ್ನೆಲ್ಲ ಒಟ್ಟುಗೂಡಿಸಿ ಕಾರಣಗಳನ್ನು ಮಂಡಿಸಿದೆ. ಗಾಳಿಯ ದಿಕ್ಕು ಬದಲಾಗಿದೆ ಎಂದೆ. ಮಿಡತೆ ಕಮ್ಮಿಯಾಗಿರಬೇಕು ಎಂದೆ. ಚಂದ್ರನ ಬೆಳಕನ್ನೂ ಬಿಡಲಿಲ್ಲ. ಚಿಕ್ಕತಾಯಮ್ಮ, ಬಂದವರಲ್ಲಿ ಯಾರದೋ ಕಣ್ಣು ಕೆಟ್ಟದ್ದಿತ್ತು, ಬೊಂಬೆ ಸಾಲದು, ಇನ್ನೊಂದು ನಿಲ್ಲಿಸಬೇಕು ಎಂದಳು. ಎಲ್ಲರಿಗೂ ಅದು ಸರಿ ಎನಿಸಿತು. ಇವತ್ತು ಓದುವವರಿಗೆ ನಮ್ಮನ್ನು ಕಂಡು ನಗು ಬರಬಹುದು. ಆದರೆ ರಾಗಿ ಹೊಲದಲ್ಲಿ ಹಕ್ಕಿ ಓಡಿಸಲು ನಿಲ್ಲಿಸುವ ಬೆರ್ಚಪ್ಪ ಬೇರೆ, ದೃಷ್ಟಿಬೊಂಬೆ ಬೇರೆ. ಒಂದು ಹಕ್ಕಿಗೆ, ಇನ್ನೊಂದು ಮನುಷ್ಯರಿಗೆ. ಎರಡನ್ನೂ ಮಾಡುವುದು ಅದೇ ಕೋಲು, ಅದೇ ಮಡಕೆಯಿಂದ ಎಂಬುದು ನಿಜ. ಆದರೆ ಉದ್ದೇಶ ಬೇರೆ ಎಂಬುದು ನಮಗೆಲ್ಲ ಎಷ್ಟು ಸ್ಪಷ್ಟವಿತ್ತೆಂದರೆ, ಅದನ್ನು ಗಿಡುಗಗಳಿಗೂ ಯಾರಾದರೂ ತಿಳಿಸಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ಶಿವಣ್ಣ ಮಾತ್ರ ಖುಷಿಯಾಗಿದ್ದ. ಖುಷಿಯನ್ನು ಮರೆಮಾಚಲು ಪ್ರಯತ್ನಿಸುತ್ತಿದ್ದ ಎನ್ನುವುದು ಅವನ ದೊಡ್ಡತನ.

"ಅವ್ವ, ಅವೇ ಎದ್ದೋದ್ವು. ನೀನೇನೂ ಓಡುಸ್ನಿಲ್ವಲ್ಲ, ನಿಂಗ್ ಪಾಪ ಇಲ್ಲ ಬುಡು" ಎಂದ. "ಉಲ್ಲಲ್ಲಿ ಇನ್ನೂ ಸ್ವಲ್ಪ ಪಸೆ ಅದೆ. ಬರೋ ವಾರ ಉಳಿದ ಉಲ್ಲೂ ಕುಯ್ದಾಕುದ್ರೆ ಅಸ ತಿಂತವೆ. ಆಮೇಕೆ ಸಸಿಯೋನ್ಗೆ ಮಾತು ಕೊಟ್ಬುಡ್ತೀನಿ."

ಐದನೆಯ ಸಂಜೆ ನಾನೂ ಕೆಂಪಮ್ಮನೂ ಬದುವಿನ ಮೇಲಿದ್ದೆವು. ಶಿವಣ್ಣ ಬೀಡಿ ಹಚ್ಚಿಕೊಂಡು ಸ್ವಲ್ಪ ದೂರ ನಿಂತಿದ್ದ. ಎರಡೇ ಎರಡು ಗಿಡುಗ ಬಂದವು. ತಗ್ಗಿ ಬಂದವು, ಇನ್ನೇನು ಇಳಿದವು ಎನ್ನುವಾಗ ನಡುವಿನಿಂದ ಪಕ್ಕಕ್ಕೆ ಹೊರಳಿದವು. ಮತ್ತೆ ಬಂದು ಮತ್ತೆ ಅದೇ ಜಾಗದಲ್ಲಿ ಹೊರಳಿದವು. ಕೆಂಪಮ್ಮ ಬಹಳ ಹೊತ್ತು ಆ ಜಾಗವನ್ನೇ ನೋಡಿದಳು.

"ಡಾಕ್ಟ್ರೆ" ಎಂದಳು, "ಆ ಕೋಟು ಆಕ್ಕಂಡು ಅಲ್ಲಿ ನೀವೇ ನಿಂತಿದ್ರೆ, ಅವು ಇಳೀತಿದ್ವಾ?"

ನಾನು ಕೋಟನ್ನು ನೋಡಿದೆ. ಕೋಟು ನನ್ನನ್ನು ನೋಡಿತು. ಮೀಸೆಯೊಂದನ್ನು ಬಿಟ್ಟರೆ ನಮ್ಮಿಬ್ಬರಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ.

"ಇಲ್ಲ ಕಣವ್ವ" ಎಂದೆ.

ಕಾರಣ ತಿಳಿಯಿತು, ಕಷ್ಟ ತೀರಲಿಲ್ಲ. ಫಸಲು ಮನೆಗೆ ಬರುವ ಮುಂಚೆ ದೃಷ್ಟಿಬೊಂಬೆಯನ್ನು ಯಾರು ಕೀಳುತ್ತಾರೋ, ಅದಕ್ಕೆ ತಾಗಿದ ಕಣ್ಣೆಲ್ಲ ಅವರ ಮೈಗೆ ಹತ್ತುತ್ತದೆ ಎಂಬುದು ಅಲ್ಲಿಯ ನಂಬಿಕೆ. ಐದು ದಿನದಲ್ಲಿ ಅದಕ್ಕೆ ಎಷ್ಟು ಜನರ ಕಣ್ಣು ತಾಗಿತ್ತೋ. ಊರ ಹಬ್ಬಕ್ಕೆ ಕಾಸು ಕೊಡುವಾಗ ದೇವರೇ ಇಲ್ಲ ಎಂದು ವಾದಿಸುತ್ತಿದ್ದ ಶಿವಣ್ಣ ಬೀಡಿಯ ಬೂದಿಯನ್ನು ಬಹಳ ಎಚ್ಚರಿಕೆಯಿಂದ ಕೊಡವಿದ. ವಿಜ್ಞಾನದ ಪ್ರತಿನಿಧಿಯಾದ ನನಗೆ ಪಕ್ಕದ ಬೀದಿಯಲ್ಲಿ ಯಾವುದೋ ಎಮ್ಮೆಯನ್ನು ತುರ್ತಾಗಿ ನೋಡಬೇಕಾದ್ದು ನೆನಪಾಯಿತು.

ಕೆಂಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಲ್ಲಿನೊಳಕ್ಕೆ ಇಳಿದಳು.

"ಅವ್ವ, ಮುಟ್ಬ್ಯಾಡ" ಎಂದು ಶಿವಣ್ಣ ಕೂಗಿದ. "ಬಿದ್ದೋಗ್ಲಿ ಅತ್ಲಾಗೆ, ಮಳೆಗೆ ತಾನೇ ಬಿದ್ದೋಯ್ತದೆ."

"ಮಳೆ ಬರಗಂಟ ಇವು ಎಲ್ಲಿಗ್ಲಾ ಓಗ್ಬೇಕು?" ಎಂದಳು ತಿರುಗದೆ. "ನಂಗೆ ಅರವತ್ತಾಯ್ತು. ಈ ಮೊಕ ನೋಡಿ ಒಟ್ಟೆ ಉರ್ಕೊಳೋರು ಈಗ ಯಾರವ್ರೆ? ಬಿದ್ರೆ ಬೀಳ್ಲಿ ಬುಡು."

ಅವಳು ಗೂಟವನ್ನು ಅಲುಗಾಡಿಸಿ ಕಿತ್ತಳು. ಕೋಟು, ಮಡಕೆ, ಹುಲ್ಲಿನ ಹೊಟ್ಟೆ ಎಲ್ಲವನ್ನೂ ಕೂಸಿನಂತೆ ಕಂಕುಳಲ್ಲಿ ಎತ್ತಿಕೊಂಡು ಹುಲ್ಲು ಸೀಳಿಕೊಂಡು ವಾಪಸು ಬರುತ್ತಿದ್ದಳು. ಅರ್ಧ ದಾರಿಯಲ್ಲಿ ಏದುಸಿರು ಬಂದು ನಿಂತಳು. ಶಿವಣ್ಣ ಬೀಡಿ ಎಸೆದು, ಕಾಲಲ್ಲಿ ಚೆನ್ನಾಗಿ ಹೊಸಕಿ, ಹುಲ್ಲಿಗಿಳಿದ.

"ತತ್ತಾ ಇಲ್ಲಿ" ಎಂದ.

"ಮುಟ್ಬ್ಯಾಡ ಕಣ್ಲಾ, ನಿಂಗೆ ಮಕ್ಳಾಗ್ಬೇಕು."

"ತತ್ತಾ ಅಂದ್ರೆ" ಎಂದು ಕಿತ್ತುಕೊಂಡು ತನ್ನ ಹೆಗಲ ಮೇಲೆ ಹಾಕಿಕೊಂಡ. ಮುಂದೆ ಅವನು, ಹಿಂದೆ ತಾಯಿ. ಸಂಜೆಯ ಬೆಳಕಿನಲ್ಲಿ ನನ್ನ ಕೋಟು ಅವನ ಬೆನ್ನ ಮೇಲೆ ಎರಡೂ ತೋಳು ಬೀಸುತ್ತಾ ಊರ ಕಡೆಗೆ ಹೋಯಿತು.

ಗಿಡುಗಗಳು ಎರಡು ದಿನ ಬಿಟ್ಟು ಬಂದವು. ಶಿವಣ್ಣ ಮುಂದಿನ ವಾರ ಕೊಯ್ಲಿನ ಮಾತೆತ್ತಲಿಲ್ಲ. ನೀಲಗಿರಿ ಬೇಡ ಎಂದೂ ಅನ್ನಲಿಲ್ಲ.

ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ, ಹೊಸ ಚಿಗುರಿಗಾಗಿ ಯಾರೋ ಬೆಟ್ಟದ ಬುಡದ ಹುಲ್ಲಿಗೆ ಬೆಂಕಿ ಕೊಟ್ಟಿದ್ದರು. ಗಾಳಿ ತಿರುಗಿತು. ನಾವು ತಂಗಡಿ ಗಿಡದ ಹಸಿ ಕೊಂಬೆ ಮುರಿದುಕೊಂಡು ಓಡುವಷ್ಟರಲ್ಲಿ ಬೆಂಕಿ ಬಾರೆಯ ಅಂಚಿಗೆ ಬಂದಿತ್ತು. ಶಿವಣ್ಣ ಎಲ್ಲರಿಗಿಂತ ಮುಂದೆ ನಿಂತು ಬಡಿದ. ಚಿಕ್ಕತಾಯಮ್ಮ ನೆನೆಸಿದ ಗೋಣಿತಾಟು ಹಿಡಿದು, ಬೆಂಕಿಗೂ ಅದನ್ನು ಹಚ್ಚಿದವರ ಏಳು ತಲೆಮಾರಿಗೂ ಒಟ್ಟಿಗೆ ಬಡಿದಳು. ಕಾರ್ತಿಕದಲ್ಲಿ ಕೊಯ್ದಿದ್ದ ಹೊರಸುತ್ತಿಗೆ ಬಂದಮೇಲೆ ಬೆಂಕಿಗೆ ತಿನ್ನಲು ಹೆಚ್ಚೇನೂ ಸಿಗಲಿಲ್ಲ. ಕೊಯ್ದುಳಿದ ಕೂಳೆಯಲ್ಲಿ ಕುಂಟುತ್ತಾ ಬಂದು, ನಿಂತ ಹುಲ್ಲಿಗೆ ಒಂದು ಮಾರು ದೂರದಲ್ಲಿ ಸತ್ತಿತು. ಶಿವಣ್ಣನ ಒಂದು ಹುಬ್ಬು ಸುಟ್ಟಿತ್ತು. ಯುಗಾದಿಯವರೆಗೂ ಅವನು ಯಾವುದೋ ಅರ್ಧ ಪ್ರಶ್ನೆ ಕೇಳುತ್ತಿರುವ ಮುಖದಲ್ಲೇ ಓಡಾಡಿದ. ಸುಟ್ಟ ಕೂಳೆಯ ಅಂಚನ್ನು ಅವನು ಆ ಸಂಜೆ ಹೆಜ್ಜೆ ಹಾಕಿ ಅಳೆಯುತ್ತಿದ್ದುದನ್ನು ಕಂಡೆ, ಯಾಕೆಂದು ಕೇಳಲಿಲ್ಲ.

ಉಳಿದದ್ದು ಮಾರುವ ಹುಲ್ಲಿನ ಪ್ರಶ್ನೆ. ಬೇಸಿಗೆಯ ಹೊತ್ತಿಗೆ ಮಧ್ಯದ ಹುಲ್ಲು ಕಡ್ಡಿಯಾಗಿತ್ತು. ಹಸುಗಳ ಮುಂದೆ ಒಂದು ಹಿಡಿ ಹಾಕಿದರೆ, ಅವು ನನ್ನನ್ನು ಹಳೆಯ ಸೂಜಿಗಳನ್ನೆಲ್ಲ ನೆನಪಿಸಿಕೊಂಡವರ ಹಾಗೆ ನೋಡಿದವು. ದಾರಿ ಸಿಕ್ಕಿದ್ದು ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ, ಅದೂ ಶಿವಣ್ಣನಿಗೆ. ಹೆಂಡತಿಯ ಊರಿನ ರೇಷ್ಮೆ ಸಾಕುವವನೊಬ್ಬ ಟೀ ಕುಡಿಯುತ್ತಾ ಗೋಳು ಹೇಳಿಕೊಂಡನಂತೆ: ಹುಳದ ಮನೆಗೆ ಶೀಟು ಹಾಕಿಸಿ ಕೆಟ್ಟೆ, ಒಳಗೆ ಕಾವು ತಡೆಯಲಾರದೆ ಹುಳ ಸೊಪ್ಪು ಮುಟ್ಟುತ್ತಿಲ್ಲ, ಮೇಲೆ ದಪ್ಪಗೆ ಹೊದಿಸಲು ಉದ್ದನೆಯ ಒಣಹುಲ್ಲು ಎಲ್ಲೂ ಸಿಗುತ್ತಿಲ್ಲ, ಎಲ್ಲರೂ ಕಾರ್ತಿಕದಲ್ಲೇ ಕೊಯ್ದು ದನಕ್ಕೆ ಹಾಕಿಬಿಟ್ಟಿದ್ದಾರೆ ಎಂದು.

"ನ್ಯಾರವಾಗಿ, ಸೊಂಟದುದ್ದ, ಒಂದೂ ಮುರ್ದಿಲ್ದೇ ಇರೋ ಉಲ್ಲು ನಮ್ದು ಅದೆ ಅಂದೆ" ಎಂದು ಶಿವಣ್ಣ ಮನೆಗೆ ಬಂದು ಹೇಳಿದ. 'ಅವ್ವನ ಹುಚ್ಚು' ಎಂದು ಕರೆಯುತ್ತಿದ್ದುದಕ್ಕೆ 'ನಮ್ಮ ಹುಲ್ಲು' ಎಂದದ್ದು ಅದೇ ಮೊದಲು. ಕೆಂಪಮ್ಮ ಕೇಳಿಸಿಕೊಂಡರೂ ಕೇಳದವಳಂತೆ ಮೊರದಲ್ಲಿ ಕಲ್ಲು ಆರಿಸುತ್ತಿದ್ದಳು.

ಗಿಡುಗಗಳು ಹೇಳಿ ಹೋಗಲಿಲ್ಲ. ಒಂದು ಸಂಜೆ ಹತ್ತು ಬಂದವು, ಮರುದಿನ ಮೂರು, ಅದರ ಮರುದಿನ ನಾವು ಬದುವಿನ ಮೇಲೆ ಕತ್ತಲಾಗುವವರೆಗೂ ಕೂತು ಎದ್ದು ಬಂದೆವು. ವಾರ ಬಿಟ್ಟು ಹುಲ್ಲು ಕೊಯ್ಲಾಯಿತು. ಮೊಲಗಳಿಗೆಂದು ಒಂದು ಮೂಲೆ ಬಿಟ್ಟಿರು ಎಂದು ಕೆಂಪಮ್ಮ ಹೇಳಿದಳು; ಶಿವಣ್ಣ ಎರಡು ಮೂಲೆ ಬಿಟ್ಟ. ಗಾಡಿಗಳು ಕೆ.ಆರ್. ಪೇಟೆಯ ದಾರಿ ಹಿಡಿದವು. ಹುಳದ ಮನೆಗಳು ತಣ್ಣಗಾದವು. ದನದ ಹುಲ್ಲಾಗಿ ಮಾರುತ್ತಿದ್ದುದಕ್ಕಿಂತ ಕಡಿಮೆಯೇನೂ ಬರಲಿಲ್ಲ ಎಂದು ಶಿವಣ್ಣನ ಹೆಂಡತಿ ನನ್ನ ಮನೆಯವಳಿಗೆ ಗುಟ್ಟಾಗಿ ಹೇಳಿದಳಂತೆ. ಶಿವಣ್ಣ ಮಾತ್ರ ಬಾಯಿ ಬಿಡಲಿಲ್ಲ. ಮುಂಗಾರಿಗೆ ನೀಲಗಿರಿ ನೆಡುತ್ತೇನೆ ಎಂದ ಮಾತನ್ನು ಅವನಿನ್ನೂ ವಾಪಸು ತೆಗೆದುಕೊಂಡಿರಲಿಲ್ಲ. ಗೆದ್ದೆವೋ ಸೋತೆವೋ ತಿಳಿಯದೆ ನಾವೆಲ್ಲ ಮೋಡ ನೋಡುತ್ತಿದ್ದೆವು.

ಮೇ ತಿಂಗಳ ಎರಡು ಹದವಾದ ಮಳೆಯ ಬೆನ್ನಿಗೇ ನನ್ನ ವರ್ಗಾವಣೆಯ ಆದೇಶ ಬಂತು. ಹೊಸ ಜಾಗ ಶ್ರೀರಂಗಪಟ್ಟಣದ ಹತ್ತಿರವೇ. ವರ್ಷದ ಹಿಂದೆ ಬಂದಿದ್ದರೆ ದೇವರಿಗೆ ತೆಂಗಿನಕಾಯಿ ಒಡೆಸುತ್ತಿದ್ದೆ. ಹೊಣಕೆರೆಯ ಅಂಗಡಿಯಲ್ಲಿ ಒಂದು ಪೊಟ್ಟಣ ಮೈಸೂರು ಪಾಕು ಕಟ್ಟಿಸಿಕೊಂಡು ಕೊಪ್ಪಲಿಗೆ ಹೋದೆ. ಮನೆಗೆ ಬೀಗ. ಬಾರೆಯ ಕಡೆಯಿಂದ ಟ್ರಾಕ್ಟರಿನ ಸದ್ದು ಬರುತ್ತಿತ್ತು.

ಆ ಏರು ಹತ್ತುವಾಗ ನನ್ನ ಮಂಡಿಗಳಿಗೆ ಇನ್ನೂ ಪೂರ್ಣ ಸೇವಾವಧಿ ಇತ್ತು. ಮೇಲೆ ಹೋಗಿ ನಿಂತೆ. ಎದುರಿನ ಅಂಚಿನಲ್ಲಿ, ಬೇಲದ ಮರದ ನೆರಳಲ್ಲಿ, ಕೆಂಪಮ್ಮ ಕಾಲು ಚಾಚಿ ಕೂತಿದ್ದಳು. ಟ್ರಾಕ್ಟರು ನನ್ನ ಕಡೆಯ ಅಂಚಿನಲ್ಲಿ ಕೆಂಪು ಮಣ್ಣು ಮಗುಚುತ್ತಾ ಬರುತ್ತಿತ್ತು. ಮೇಲೆ ಶಿವಣ್ಣ ಇದ್ದ. ಹತ್ತಿರ ಬಂದು ನಿಲ್ಲಿಸಿದ. ಅವನ ಹುಬ್ಬು ಪೂರಾ ಬೆಳೆದಿತ್ತು.

"ಏನಪ್ಪ ಶಿವಣ್ಣ, ಶುರು ಮಾಡೇಬಿಟ್ಟೆಯಲ್ಲ" ಎಂದೆ. ಮೈಸೂರು ಪಾಕಿನ ಪೊಟ್ಟಣ ಕೈಯಲ್ಲಿ ಭಾರವಾಯಿತು.

"ಊ ಸಾ. ಈಗ್ಲೇ ನೆಲ ಮೆತ್ಗಿರೋದು. ಮಾಗೀಲಿ ಇಲ್ಲಿ ನೇಗ್ಲು ಇಳಿಯಾಕಿಲ್ಲ."

"ಸಸಿ ಯಾವಾಗ ಬರುತ್ತೆ?"

"ಯಾವ್ ಸಸಿ?"

"ನೀಲಗಿರಿ."

"ಓ, ಅದಾ. ಅವು ನಮ್ ಭಾಮೈದನ ಒಲಕ್ಕೋದ್ವು. ಅವ್ನಿಗ್ ಮರ ಅಂದ್ರೆ ಪಿರೂತಿ" ಎಂದ. ಆಮೇಲೆ ಸ್ಟೇರಿಂಗಿನ ಮೇಲೆ ಒರಗಿ, ಬಹಳ ಸರಳವಾದ ಸಂಗತಿಯನ್ನು ದಡ್ಡನಿಗೆ ಹೇಳುವ ತಾಳ್ಮೆಯಲ್ಲಿ ವಿವರಿಸಿದ. "ಸುತ್ತ ನಾಕು ಮಾರು ಉಳ್ತೀನಿ. ಅದ್ರಲ್ಲಿ ಉರುಳಿ ಬಿತ್ತುದ್ರೆ ಕಾರ್ತಿಕ ಕಳ್ಯೋ ಒತ್ಗೆ ಕಿತ್ಕಬೌದು. ಮಾಗಿಗೆ ಸುತ್ತ ಬರೀ ಮಣ್ಣು. ಬೆಂಕಿ ಬಂದ್ರೆ ಅಲ್ಲೇ ನಿಂತ್ಕಂಡು ನೋಡ್ಕಂಡೋಗ್ಬೇಕು. ರೆಕ್ಕೆ ಇರೋವು ಎಂಗೋ ಎದ್ದೋಯ್ತವೆ. ಮೊಲ, ಗೌಜಲ ಎಲ್ಲಿಗೋದಾವು ಸಾ?"

ನಾನು ಟ್ರಾಕ್ಟರಿನ ಹಿಂದೆ ನೋಡಿದೆ. ಉತ್ತ ಮಣ್ಣಿನ ಪಟ್ಟಿ ಬಾರೆಯ ಅಂಚು ಹಿಡಿದುಕೊಂಡು, ಪಂಚೆಯ ಅಂಚಿನ ಹಾಗೆ, ಮೂರು ಕಡೆ ಸುತ್ತಿ ಬಂದಿತ್ತು. ಒಳಗೆ ಮಣ್ಣಿನ ಒಂದು ಹೆಂಟೆಯೂ ಕದಲಿರಲಿಲ್ಲ. ವರ್ಗವಾಯಿತು ಎಂದಷ್ಟೇ ಹೇಳಿ, ಒಂದು ತುಂಡು ಮೈಸೂರು ಪಾಕು ಅವನ ಕೈಗಿಟ್ಟು, ಕೆಂಪಮ್ಮನ ಕಡೆಗೆ ನೇರವಾಗಿ ಬಾರೆಗೆ ಅಡ್ಡ ಹಾಯಲು ಹೆಜ್ಜೆ ಎತ್ತಿದೆ.

"ಡಾಕ್ಟ್ರೆ, ಒಳಕ್ ಕಾಲಾಕ್‌ಬ್ಯಾಡಿ" ಎಂದು ಹಿಂದಿನಿಂದ ಶಿವಣ್ಣನ ದನಿ ಬಂತು. "ಉಲ್ಲು ಚಿಗುರ್ತಾ ಅದೆ. ಸುತ್ಕಂಡೋಗಿ."

ಅಡ್ಡ ಹಾಯ್ದಿದ್ದರೆ ಮೂರು ನಿಮಿಷದ ದಾರಿ. ಹೊಸ ಬೂಟು, ಮಳೆ ಕುಡಿದ ಕೆಂಪು ಮಣ್ಣು. ನಾನು ಸುತ್ತಿಕೊಂಡೇ ಹೋದೆ.